ಬೆಲ್ಕೂರಿನ ಮೇಷ್ಟರು

1957ನೆಯ ಇಸವಿ ಅಕ್ಟೋಬರ್ 16ನೆಯ ತಾರೀಖು, ಆ ವರ್ಷದ ಸಾಹಿತ್ಯದ ನೊಬೆಲ್ ಪಾರಿತೋಷಕವು ಫ್ರೆಂಚ್ ಲೇಖಕ ಆಲ್ಬೇರ್ ಕಮೂ ಅವರಿಗೆ ಸಂದಿತೆಂಬ ವಾರ್ತೆ ಸ್ಟಾಕ್‌ಹೋಮಿನಿಂದ ಹೊರಟು ದೇಶದೇಶಗಳಿಗೆ ಮುಟ್ಟಿತು. ಕಮೂ ಅವರಿಗೆ ಆಗ ನಲವತ್ತನಾಲ್ಕು ವರ್ಷ ಇನ್ನೂ ತುಂಬಿರಲಿಲ್ಲ. ಅವರಿಗಿಂತ ಕಿರಿಯ ವಯಸ್ಸಿನಲ್ಲಿ ಆ ಬಹುಮಾನವನ್ನು ಪಡೆದವರೆಂದರೆ ಅದುವರೆಗೆ ರಡ್ಯರ್ಡ್ ಕಿಪ್ಲಿಂಗ್ ಒಬ್ಬರೇ. ಪ್ಯಾರಿಸಿನ ಭೋಜನಶಾಲೆಯೊಂದರಲ್ಲಿ ಕುಳಿತಿದ್ದ ಅವರಿಗೆ ಸುದ್ದಿ ತಲಪಿದಾಗ ಸಂತೋಷಕ್ಕಿಂತ ಕಳವಳವೇ ಹೆಚ್ಚಾಯಿತೆಂದು ಹೇಳುತ್ತಾರೆ. ಈ ಗೌರವ ಆಂದ್ರೆ ಮಾಲ್ರೋ ಅವರಿಗೆ ಸಲ್ಲಬೇಕಾಗಿತ್ತೆಂದು ಅವರು ಬಹಿರಂಗವಾಗಿಯೇ ನುಡಿದರು. ಮುಂದಿನ ಕೆಲವು ವಾರಗಳು ಪತ್ರಿಕಾಪ್ರತಿನಿಧಿಗಳ ಮುತ್ತಿಗೆ, ಅಭಿನಂದನೆಯ ತಂತಿಗಳು, ಅಷ್ಟೇ ಸಂಖ್ಯೆಯ ಅಸೂಯೆಯ ಮಾತುಗಳು ಇವುಗಳಲ್ಲಿಯೇ ಕಳೆದುಹೋದುವು.

ಈ ಗದ್ದಲವೆಲ್ಲ ಸ್ವಲ್ಪ ಅಡಗಿದ ಮೇಲೆ, ನವೆಂಬರ್ 19ರಂದು, ಅವರು ಒಂದು ಕಾಗದ ಬರೆಯಲು ಕುಳಿತರು. ಅದನ್ನು ಬರೆದದ್ದು ರಾಜಪ್ರಮುಖರಿಗಲ್ಲ, ವಿದ್ವಾಂಸರಿಗೂ ಅಲ್ಲ. ಆಫ್ರಿಕಾ ಖಂಡದ ಉತ್ತರದ ಅಂಚಿನಲ್ಲಿ, ಅಲ್ಜೀರ್ಸ್ ಪಟ್ಟಣದ ಬಡವರ ಬೀದಿಯ ಪ್ರಾಥಮಿಕ ಪಾಠಶಾಲೆಯಲ್ಲಿ ಒಂದು ಕಾಲಕ್ಕೆ ಉಪಾಧ್ಯಾಯರಾಗಿದ್ದ ಲೂಯಿ ಜೆರ್ಮೇನ್ ಎಂಬ ವೃದ್ಧರಿಗೆ. ಕೆಲವೇ ಸಾಲುಗಳ ಕಾಗದ. ಬಹುಮಾನದ ವಾರ್ತೆ ಕಿವಿಗೆ ಬಿದ್ದಾಗ ಮೊದಲು ನೆನಪಾದವಳು ತಾಯಿ, ಅನಂತರ ನೆನಪಾದವರು ತಾವು, ಎಂದು ಶಿಷ್ಯ ಅದರಲ್ಲಿ ತಿಳಿಸಿದ್ದರು. ಬಡ ಹುಡುಗನ ಕಡೆಗೆ ಅಂದು ಗುರುಗಳು ಕೈಚಾಚದೆ ಹೋಗಿದ್ದರೆ ಇದಾವುದೂ ನಡೆಯುತ್ತಿರಲಿಲ್ಲವೆಂದೂ, ಬಹುಮಾನ ತಮಗೆ ಅಂಥ ದೊಡ್ಡ ಸಂಗತಿಯೆಂದು ತೋರದಿದ್ದರೂ ಈ ಮಾತನ್ನು ಹೇಳಲು ಅದೊಂದು ನೆಪವಾಯಿತೆಂದೂ ತೋಡಿಕೊಂಡಿದ್ದರು.

ದೊಡ್ಡವರು ತಮ್ಮ ಹಳೆಯ ಗುರುಗಳನ್ನು ಸಭೆಗಳಲ್ಲಿ ನೆನೆಯುವುದು ವಾಡಿಕೆ. ಹಾರ ತುರಾಯಿಗಳ ಮಧ್ಯೆ ನಾಲ್ಕು ಮಾತು ಆಡಿ ಮುಗಿಸುವುದೂ ವಾಡಿಕೆಯೇ. ಈ ಕಾಗದ ಆ ಜಾತಿಯದಲ್ಲ. ಅದರ ಒಂದೊಂದು ಪದಕ್ಕೂ ಋಣದ ಭಾರವಿದೆ. ಆ ಋಣ ಎಂಥದೆಂದು ತಿಳಿಯಬೇಕಾದರೆ ಬೆಲ್ಕೂರ್ ಎಂಬ ಆ ಬಡಾವಣೆಗೆ, ಲಿಯೋನ್ ಬೀದಿಯ ಮಹಡಿಯ ಮೇಲಿನ ಮೂರು ಕೋಣೆಗಳ ಮನೆಗೆ ಹೋಗಬೇಕು.

ಅಲ್ಜೀರಿಯ ಆಗ ಫ್ರೆಂಚರ ಆಳ್ವಿಕೆಯಲ್ಲಿತ್ತು. ಅಲ್ಲಿ ನೆಲೆಸಿದ ಯೂರೋಪಿಯನ್ನರೆಲ್ಲ ಸಿರಿವಂತರೆಂದು ತಿಳಿಯುವುದು ತಪ್ಪು. ದ್ರಾಕ್ಷಿತೋಟಗಳ ಧಣಿಗಳು ಒಂದೆಡೆಯಾದರೆ, ಸ್ಪೇನ್, ಇಟಲಿ, ಮಾಲ್ಟಾಗಳಿಂದ ಹೊಟ್ಟೆಪಾಡಿಗಾಗಿ ವಲಸೆ ಬಂದು ಕೂಲಿನಾಲಿ ಮಾಡಿ ಬದುಕುತ್ತಿದ್ದ ಕುಟುಂಬಗಳು ಇನ್ನೊಂದೆಡೆ. ಅವರಿಗಿಂತಲೂ ಕೆಳಗೆ, ಸ್ವಂತ ನೆಲದಲ್ಲಿಯೇ ಪರಕೀಯರಂತೆ, ಅರಬರು ಮತ್ತು ಕಬೈಲ್ ಜನರು. ಕಮೂ ಅವರ ತಂದೆ ಲೂಸ್ಯೇನ್ ದ್ರಾಕ್ಷಾರಸದ ವ್ಯಾಪಾರಿಯೊಬ್ಬನ ಕೈಕೆಳಗೆ ದುಡಿಯುತ್ತಿದ್ದ. ಎರಡನೆಯ ಮಗ ಆಲ್ಬೇರ್ ಹುಟ್ಟಿದ್ದು 1913ನೆಯ ನವೆಂಬರ್ 7ರಂದು, ಮೊಂಡೋವಿ ಎಂಬ ಊರಿನ ಬಳಿಯಲ್ಲಿ. ವರ್ಷ ತುಂಬುವುದರೊಳಗೆ ಮಹಾಯುದ್ಧ ಬಂತು. ಸೇನೆಗೆ ಕರೆಹೋದ ಲೂಸ್ಯೇನ್ ಮಾರ್ನ್ ನದಿಯ ಕದನದಲ್ಲಿ ಗಾಯಗೊಂಡು 1914ರ ಅಕ್ಟೋಬರಿನಲ್ಲಿ ಫ್ರಾನ್ಸಿನ ಸೇನ್ ಬ್ರಿಯೋ ಎಂಬಲ್ಲಿನ ಆಸ್ಪತ್ರೆಯಲ್ಲಿ ಕಣ್ಣುಮುಚ್ಚಿದ. ಅವನಿಗೆ ಆಗ ಮೂವತ್ತು ವರ್ಷ ಕೂಡ ತುಂಬಿರಲಿಲ್ಲ. ಆಸ್ಪತ್ರೆಯವರು ಅವನ ದೇಹದಿಂದ ತೆಗೆದ ಗುಂಡಿನ ಚೂರನ್ನು ಹೆಂಡತಿಗೆ ಕಳುಹಿಸಿಕೊಟ್ಟರು. ತಂದೆಯಿಂದ ಮಗನಿಗೆ ಬಂದ ಆಸ್ತಿಯಲ್ಲಿ ಆ ಕಬ್ಬಿಣದ ಚೂರಿನಷ್ಟು ಗಟ್ಟಿಯಾದ ವಸ್ತು ಮತ್ತೊಂದಿರಲಿಲ್ಲ.

ವಿಧವೆಯಾದ ಕ್ಯಾಥರೀನ್ ಇಬ್ಬರು ಮಕ್ಕಳನ್ನು ಕಟ್ಟಿಕೊಂಡು ಅಲ್ಜೀರ್ಸಿನಲ್ಲಿದ್ದ ತನ್ನ ತಾಯಿಯ ಮನೆ ಸೇರಿದಳು. ಆಕೆಗೆ ಕಿವಿ ಮಂದ. ಮಾತು ಬಹು ಕಡಮೆ. ಓದು ಬರಹ ಇಲ್ಲ. ಯುದ್ಧಕಾಲದಲ್ಲಿ ತೋಟಾ ತಯಾರಿಸುವ ಕಾರ್ಖಾನೆಯಲ್ಲಿ ಕೆಲಸ ಮಾಡಿದಳು. ಮುಂದೆ ಪರರ ಮನೆಗಳಲ್ಲಿ ನೆಲ ಒರಸಿ, ಬಟ್ಟೆ ಒಗೆದು ಜೀವನ ಸಾಗಿಸಿದಳು. ಪೀಪಾಯಿ ಮಾಡುವ ಕಸುಬಿನ ಸೋದರಮಾವ ಒಬ್ಬ. ಅವನಿಗೂ ಕಿವಿ ಕೇಳಿಸದು. ಮನೆಯ ಯಜಮಾನಿಕೆಯೆಲ್ಲ ಅಜ್ಜಿಯ ಕೈಯಲ್ಲಿ. ಬಡತನದೊಂದಿಗೆ ಜನ್ಮವಿಡೀ ಸೆಣಸಿ ಕಲ್ಲಾದ ಹೆಂಗಸು ಆಕೆ. ಹುಡುಗರು ತಪ್ಪುಮಾಡಿದರೆ ಗೋಡೆಗೆ ತೂಗುಹಾಕಿದ್ದ ಚಾವಟಿ ಕೆಳಗಿಳಿಯುತ್ತಿತ್ತು. ಬೂಟಿನ ಅಟ್ಟೆ ಸವೆಯುತ್ತದೆಂದು ಕಾಲ್ಚೆಂಡಾಟವನ್ನು ನಿಷೇಧಿಸಿದ್ದಳು. ಸಂಜೆ ಬೂಟನ್ನು ತಿರುಗಿಸಿ ಅಟ್ಟೆಯ ಪರೀಕ್ಷೆ ನಡೆಸುತ್ತಿದ್ದಳು. ಆ ಮನೆಯಲ್ಲಿ ಒಂದು ಪುಸ್ತಕವಿರಲಿಲ್ಲ, ಒಂದು ವೃತ್ತಪತ್ರಿಕೆ ಬರುತ್ತಿರಲಿಲ್ಲ. ಕೆಲಸ ಮುಗಿಸಿ ಬಂದ ತಾಯಿ ಕಿಟಕಿಯ ಬಳಿ ಕುರ್ಚಿಯ ಮೇಲೆ ಕುಳಿತು ಕತ್ತಲಾಗುವವರೆಗೆ ಬೀದಿಯನ್ನು ನೋಡುತ್ತಿರುತ್ತಿದ್ದಳು. ಮಗ ಅವಳನ್ನು ನೋಡುತ್ತಿರುತ್ತಿದ್ದ. ಇಬ್ಬರ ಮಧ್ಯೆ ಮಾತಿಲ್ಲ.

ಇಂಥ ಮನೆಯಿಂದ ಹೊರಟ ಹುಡುಗ ಪ್ರತಿದಿನ ಬೆಳಿಗ್ಗೆ ಹೋಗಿ ಸೇರುತ್ತಿದ್ದುದು ಲೂಯಿ ಜೆರ್ಮೇನ್ ಅವರ ತರಗತಿಯನ್ನು.

ಆ ತರಗತಿಯ ಚಿತ್ರವನ್ನು ಕಮೂ ತಮ್ಮ ಕೊನೆಯ ಕಾದಂಬರಿ ‘ಮೊದಲ ಮನುಷ್ಯ’ದಲ್ಲಿ ಬಿಡಿಸಿದ್ದಾರೆ. ಕಾದಂಬರಿಯಲ್ಲಿ ಹುಡುಗನ ಹೆಸರು ಜಾಕ್, ಮೇಷ್ಟರ ಹೆಸರು ಬೆರ್ನಾರ್; ಹೆಸರುಗಳು ಬೇರೆಯಾದರೂ ಮನುಷ್ಯರು ಅವರೇ. ಬೆರ್ನಾರ್ ಮೇಷ್ಟರು ಒಪ್ಪವಾಗಿ ಉಡುಪು ಧರಿಸಿ ಬರುವವರು. ಕಲ್ಲು ಖನಿಜಗಳ ಸಂಗ್ರಹ, ಒಣಗಿಸಿದ ಎಲೆ ಹೂವುಗಳು, ಚಿಟ್ಟೆ ಕೀಟಗಳು, ಭೂಪಟಗಳು ಇವೆಲ್ಲ ಅವರ ಪಾಠದ ಸಾಮಗ್ರಿ. ಶಾಲೆಯಲ್ಲಿ ಮ್ಯಾಜಿಕ್ ಲ್ಯಾಂಟರ್ನ್ ತರಿಸಿ ಗೋಡೆಯ ಮೇಲೆ ಚಿತ್ರ ಮೂಡಿಸುತ್ತಿದ್ದವರು ಅವರೊಬ್ಬರೇ. ಮಕ್ಕಳ ಪಠ್ಯಪುಸ್ತಕಗಳೋ, ಫ್ರಾನ್ಸಿನಲ್ಲಿ ಅಚ್ಚಾಗಿ ಬಂದವು. ಅವುಗಳಲ್ಲಿನ ಹುಡುಗರು ಉಣ್ಣೆಯ ಟೋಪಿ ಧರಿಸಿ, ಮಂಜು ಮುಚ್ಚಿದ ದಾರಿಯಲ್ಲಿ ಸೌದೆಯ ಹೊರೆ ಎಳೆದುಕೊಂಡು ಮನೆಗೆ ಹೋಗುತ್ತಿದ್ದರು. ಸುಡುಬಿಸಿಲಿನ ಬೆಲ್ಕೂರಿನ ಮಕ್ಕಳಿಗೆ ಮಂಜೆಂಬುದು ಕಂಡು ಕೇಳರಿಯದ ಪದಾರ್ಥ. ಮಲೆನಾಡಿನ ಅಥವಾ ಬಯಲುಸೀಮೆಯ ಶಾಲೆಯಲ್ಲಿ ಕುಳಿತು ಇಂಗ್ಲಿಷ್ ಪಠ್ಯದ ‘ಡ್ಯಾಫೊಡಿಲ್’ ಹೂವನ್ನು ಬಾಯಿಪಾಠ ಮಾಡಿದವರಿಗೆ ಆ ಮಕ್ಕಳ ಸ್ಥಿತಿಯನ್ನು ಬೇರೆಯಾಗಿ ವಿವರಿಸಬೇಕಾಗಿಲ್ಲ. ಆದರೆ ಕಮೂ ಅದನ್ನು ದೂರುವುದಿಲ್ಲ. ಆ ಮಂಜು, ಆ ಸೌದೆಯ ಹೊರೆ, ಪುಸ್ತಕದ ಅಂಟಿನ ವಾಸನೆ, ಎಲ್ಲವೂ ಸೇರಿ ಶಾಲೆ ಅವರಿಗೆ ಪುರಾಣದ ಲೋಕದಂತೆ ಕಂಡಿತು. ಬೇರೆ ತರಗತಿಗಳಲ್ಲಿ ಬಾತುಕೋಳಿಗೆ ಆಹಾರ ತುರುಕಿದಂತೆ ಪಾಠ ತುರುಕುತ್ತಿದ್ದರು. ಈ ತರಗತಿಯಲ್ಲಿ ಮಾತ್ರ, ಲೋಕವನ್ನು ಅರಿಯಲು ತಾವೂ ಯೋಗ್ಯರೆಂದು ಯಾರೋ ತಮ್ಮನ್ನು ಎಣಿಸಿದ್ದಾರೆಂಬ ಭಾವನೆ ಆ ಬಡ ಮಕ್ಕಳಿಗೆ ಉಂಟಾಗುತ್ತಿತ್ತು.

ಜೆರ್ಮೇನ್ ಸ್ವತಃ ಯುದ್ಧಕ್ಕೆ ಹೋಗಿ ಬದುಕಿ ಬಂದವರು. ಎದುರಿಗೆ ಕುಳಿತ ಮಕ್ಕಳಲ್ಲಿ ಕೆಲವರ ತಂದೆಯರು ಹಿಂದಿರುಗಿ ಬಂದಿರಲಿಲ್ಲ. ಕಾದಂಬರಿಯ ಮೇಷ್ಟರು ತರಗತಿಯ ಮುಂದೆ ಇದನ್ನು ಮುಚ್ಚಿಡದೆ ಒಪ್ಪಿಕೊಳ್ಳುತ್ತಾರೆ: ತಂದೆಯನ್ನು ಕಳೆದುಕೊಂಡ ಈ ಮಕ್ಕಳ ಮೇಲೆ ತಮಗೆ ಪಕ್ಷಪಾತವುಂಟೆಂದೂ, ಸತ್ತ ತಮ್ಮ ಜೊತೆಗಾರರ ಸ್ಥಾನದಲ್ಲಿ ತಾವು ಇಲ್ಲಿ ನಿಂತಿರುವುದಾಗಿಯೂ ಅವರ ಮಾತಿನ ಭಾವ. ಹಾಗೆಂದು ಶಿಕ್ಷೆಯಲ್ಲಿ ಯಾರಿಗೂ ರಿಯಾಯಿತಿ ಇಲ್ಲ. ಗಿಡ್ಡನೆಯ ದಪ್ಪನೆಯ ಮರದ ರೂಲುದೊಣ್ಣೆಯೊಂದಿತ್ತು. ಅದಕ್ಕೆ ಮಿಠಾಯಿಯ ಹೆಸರು. ತಪ್ಪಿತಸ್ಥ ಹುಡುಗ ತಲೆಬಾಗಿಸಿ ನಿಂತು ಆ ‘ಮಿಠಾಯಿ’ಯ ರುಚಿ ನೋಡಬೇಕಾಗಿತ್ತು, ತಂದೆಯಿಲ್ಲದ ಜಾಕ್‌ನೂ ನೋಡಿದ. ಇಂದಿನ ತಾಯಿತಂದೆಗಳು ಇದನ್ನು ಸಹಿಸಲಾರರು, ಸಹಿಸಬೇಕಾಗಿಯೂ ಇಲ್ಲ. ಆದರೆ ಆ ಹುಡುಗರು ಅದನ್ನು ಅನ್ಯಾಯವೆಂದು ಎಣಿಸಲಿಲ್ಲವೆಂಬುದು ನಿಜ. ಏಕೆಂದರೆ ಮೇಷ್ಟರ ಪ್ರೀತಿಯಲ್ಲಿ ಭೇದವಿದ್ದರೂ ನ್ಯಾಯದಲ್ಲಿ ಭೇದವಿರಲಿಲ್ಲ.

ಕಾದಂಬರಿಯಲ್ಲಿ ಬರುವ ಒಂದು ಪ್ರಸಂಗವನ್ನು ಇಲ್ಲಿ ಹೇಳಲೇಬೇಕು. ಪ್ರತಿ ಅವಧಿಯ ಕೊನೆಗೆ, ಸಮಯ ಉಳಿದಾಗ, ಮೇಷ್ಟರು ‘ಮರದ ಶಿಲುಬೆಗಳು’ ಎಂಬ ಪುಸ್ತಕದಿಂದ ದೀರ್ಘ ಭಾಗಗಳನ್ನು ಗಟ್ಟಿಯಾಗಿ ಓದಿಹೇಳುತ್ತಿದ್ದರು. ಯುದ್ಧರಂಗದಲ್ಲಿ ಸಿಪಾಯಿಯಾಗಿದ್ದ ರೋಲಾಂ ದೋರ್ಜಲೆಸ್ ತಮ್ಮ ಅನುಭವದಿಂದ ಬರೆದು 1919ರಲ್ಲಿ ಪ್ರಕಟಿಸಿದ ಕಾದಂಬರಿ ಅದು. ಕೆಸರಿನ ಕಂದಕಗಳು, ಚಳಿ, ಹಸಿವು, ಒಬ್ಬರಾದ ಮೇಲೊಬ್ಬರಂತೆ ಬಿದ್ದುಹೋಗುವ ಗೆಳೆಯರು. ಮಕ್ಕಳಿಗೆ ಅದೊಂದು ಮಂಜಿನ ದೇಶದ ವಿಚಿತ್ರ ಕಥೆ. ಜಾಕ್ ಮಾತ್ರ ಮೈಯೆಲ್ಲ ಕಿವಿಯಾಗಿ ಕೇಳುತ್ತಿದ್ದ. ತಂದೆಯ ವಿಷಯವಾಗಿ ಮನೆಯಲ್ಲಿ ಯಾರೂ ಹೇಳದಿದ್ದುದನ್ನು ಆ ಪುಸ್ತಕ ಹೇಳುತ್ತಿತ್ತು. ಕೊನೆಯ ದಿನ ಕಥೆಯ ಸಿಪಾಯಿಯೊಬ್ಬ ಸತ್ತ ಭಾಗವನ್ನು ಓದಿ ಮುಗಿಸಿ ಮೇಷ್ಟರು ತಲೆಯೆತ್ತಿದಾಗ ಇಡೀ ತರಗತಿ ಸ್ತಬ್ಧವಾಗಿತ್ತು. ಮೊದಲನೆಯ ಸಾಲಿನಲ್ಲಿದ್ದ ಜಾಕ್‌ನ ಮುಖ ಕಣ್ಣೀರಿನಿಂದ ತೊಯ್ದುಹೋಗಿತ್ತು, ಬಿಕ್ಕಳಿಕೆ ತಡೆಯದಾಗಿತ್ತು. ಮೇಷ್ಟರು ಕೇಳಿಸಿತೋ ಇಲ್ಲವೋ ಎಂಬಂತೆ ಏನೋ ಸಮಾಧಾನದ ನುಡಿಯಾಡಿ, ಪುಸ್ತಕವನ್ನು ಬೀರುವಿನಲ್ಲಿಡುವುದಕ್ಕೆಂದು ಎದ್ದು, ತರಗತಿಗೆ ಬೆನ್ನುಮಾಡಿ ನಿಂತರು. ಎಷ್ಟೋ ವರ್ಷಗಳ ಬಳಿಕ ಶಿಷ್ಯ ದೊಡ್ಡವನಾಗಿ ಅವರನ್ನು ಕಾಣಲು ಹೋದಾಗ, ವೃದ್ಧ ಗುರು ಅದೇ ಪ್ರತಿಯನ್ನು ತೆಗೆದು ಅವನ ಕೈಗಿಡುತ್ತಾರೆ. ಅತ್ತ ದಿನದಿಂದಲೇ ಅದು ಅವನ ಸ್ವತ್ತಾಗಿತ್ತೆಂಬುದು ಅವರ ಎಣಿಕೆ.

ಇಷ್ಟರಲ್ಲಿಯೇ ಕಥೆ ನಿಂತಿದ್ದರೆ ಜೆರ್ಮೇನ್ ಒಬ್ಬ ಒಳ್ಳೆಯ ಉಪಾಧ್ಯಾಯರೆಂದು ಹೇಳಿ ಮುಗಿಸಬಹುದಾಗಿತ್ತು. ಒಳ್ಳೆಯ ಉಪಾಧ್ಯಾಯರು ಎಲ್ಲ ಊರುಗಳಲ್ಲಿಯೂ ಇರುತ್ತಾರೆ. ಆದರೆ ಆ ಹುಡುಗ ಶಾಲೆಯ ಕೊನೆಯ ತರಗತಿಗೆ ಬಂದಾಗ ಅವರು ಮಾಡಿದ ಕೆಲಸ ಬೇರೆ ತೂಕದ್ದು.

ಅಂದಿನ ಫ್ರೆಂಚ್ ವಿದ್ಯಾಪದ್ಧತಿಯಲ್ಲಿ ಎರಡು ದಾರಿಗಳಿದ್ದುವು. ಬಡವರ ಮಕ್ಕಳು ಪ್ರಾಥಮಿಕ ಪಾಠಶಾಲೆಯಲ್ಲಿ ಅಕ್ಷರ, ಲೆಕ್ಕ ಕಲಿತು ಹದಿಮೂರು ಹದಿನಾಲ್ಕು ವರ್ಷಕ್ಕೆ ಕೆಲಸಕ್ಕೆ ಸೇರುತ್ತಿದ್ದರು. ‘ಲಿಸೇ’ ಎಂಬ ಪ್ರೌಢಶಾಲೆಯ ದಾರಿ ಉಳ್ಳವರ ಮಕ್ಕಳದು. ಅಲ್ಲಿಂದ ಮುಂದೆ ವಿಶ್ವವಿದ್ಯಾನಿಲಯ, ವಕೀಲಿ, ವೈದ್ಯ, ಸರಕಾರಿ ಹುದ್ದೆ. ಮೊದಲನೆಯ ದಾರಿಯಿಂದ ಎರಡನೆಯದಕ್ಕೆ ದಾಟಲು ಇದ್ದ ಸಂಕವೆಂದರೆ ವಿದ್ಯಾರ್ಥಿವೇತನದ ಪರೀಕ್ಷೆ. ಆ ಪರೀಕ್ಷೆಗೆ ಹುಡುಗನನ್ನು ಕೂಡಿಸಬೇಕಾದರೆ ಮನೆಯವರ ಒಪ್ಪಿಗೆ ಬೇಕು. ಅಣ್ಣನನ್ನು ಎಳೆಯ ವಯಸ್ಸಿನಲ್ಲಿಯೇ ದುಡಿಮೆಗೆ ಹಚ್ಚಿದ್ದ ಅಜ್ಜಿ, ತಮ್ಮನ ಸಂಬಳದ ಮೇಲೆಯೂ ಕಣ್ಣಿಟ್ಟಿದ್ದಳು. ಇದನ್ನು ದುರಾಸೆಯೆಂದು ಜರೆಯುವುದು ಸುಲಭ. ಪರರ ಮನೆಯ ನೆಲ ಒರಸಿದ ಹಣದಲ್ಲಿ ದಿನ ದೂಡುವ ಸಂಸಾರದಲ್ಲಿ ಆರು ವರ್ಷದ ಸಂಬಳ ಕೈಬಿಡುವುದೆಂದರೇನೆಂದು ಬಲ್ಲವರು ಜರೆಯಲಾರರು.

ಕಾದಂಬರಿಯ ಮೇಷ್ಟರು ಈ ಅಜ್ಜಿಯ ಮನೆಗೆ ತಾವೇ ನಡೆದು ಬರುತ್ತಾರೆ. ಮೇಷ್ಟರು ಮನೆಗೆ ಬರುವುದೆಂದರೆ ಆ ಬೀದಿಗೆ ಅದೊಂದು ಘಟನೆ. ಹುಡುಗನನ್ನು ಹೊರಗೆ ಕಳುಹಿಸಿ ಅವರು ಮುದುಕಿಯೊಡನೆ ಮಾತಾಡುತ್ತಾರೆ. ಪರೀಕ್ಷೆಗೆ ತಯಾರುಮಾಡಲು ಹೆಚ್ಚಿನ ಪಾಠ ಬೇಕು, ಅದಕ್ಕೆ ಕೊಡಲು ತಮ್ಮಲ್ಲಿ ಹಣವಿಲ್ಲವೆಂದು ಆಕೆ ಹೇಳಿದಾಗ, ಹುಡುಗನಿಂದ ಆ ಬಾಬ್ತು ತಮಗೆ ಈಗಾಗಲೇ ಸಂದುಹೋಗಿದೆಯೆಂದು ಅವರು ಉತ್ತರಕೊಡುತ್ತಾರೆ. ಚಾವಟಿ ಹಿಡಿದ ಆ ಗಟ್ಟಿ ಹೆಂಗಸು ಕೊನೆಗೆ ಒಪ್ಪಿದಳು.

ಕುತೂಹಲದ ಸಂಗತಿಯೆಂದರೆ, ನಿಜಜೀವನದ ಜೆರ್ಮೇನ್ ಅವರಿಗೆ ಈ ಘಟನೆ ಬೇರೆ ರೀತಿಯಲ್ಲಿ ನೆನಪಿತ್ತು. 1959ರ ಏಪ್ರಿಲ್ 30ರಂದು ಅವರು ಶಿಷ್ಯನಿಗೆ ಬರೆದ ಪತ್ರದಲ್ಲಿ, ವಿದ್ಯಾರ್ಥಿವೇತನದ ಪಟ್ಟಿಯ ವಿಚಾರವಾಗಿ ತಾಯಿಯೇ ತಮ್ಮನ್ನು ಕಾಣಲು ಬಂದಿದ್ದಳೆಂದು ಸ್ಮರಿಸುತ್ತಾರೆ. ಅಲ್ಲಿಯವರೆಗೆ ಆ ಮನೆಯ ಬಡತನದ ಸುಳಿವೇ ತಮಗಿರಲಿಲ್ಲವಂತೆ. ಹುಡುಗ ಯಾವಾಗಲೂ ಚೊಕ್ಕಟವಾದ ಉಡುಪಿನಲ್ಲಿ ಬರುತ್ತಿದ್ದ, ತರಗತಿಯಲ್ಲಿ ಕುಳಿತಿರುವುದೇ ಅವನಿಗೊಂದು ಹಬ್ಬವಾಗಿತ್ತು, ಮುಖದಲ್ಲಿ ಯಾವ ಕೊರತೆಯೂ ಕಾಣುತ್ತಿರಲಿಲ್ಲ, ಎಂದು ಆ ವೃದ್ಧರು ಮೂವತ್ತೈದು ವರ್ಷಗಳ ಹಿಂದಿನ ಮುಖವನ್ನು ಕಣ್ಣಮುಂದೆ ತಂದುಕೊಳ್ಳುತ್ತಾರೆ. ಗುರು ಮನೆಗೆ ಬಂದರೆಂದು ಶಿಷ್ಯನ ಕಥೆ. ತಾಯಿ ಶಾಲೆಗೆ ಬಂದಳೆಂದು ಗುರುವಿನ ನೆನಪು. ಎರಡೂ ನಡೆದಿರಬಹುದು. ಅಥವಾ ಉಪಕಾರದ ಮೊದಲ ಹೆಜ್ಜೆಯನ್ನು ಇಬ್ಬರೂ ಒಬ್ಬರ ಕಡೆಗೊಬ್ಬರು ಸರಿಸಿಕೊಟ್ಟಿರಬಹುದು. ಮಾತು ಬಾರದ, ಅಕ್ಷರ ಬಾರದ ಆ ತಾಯಿ ಮೇಷ್ಟರ ಮುಂದೆ ನಿಂತು ಮಗನಿಗಾಗಿ ಏನು ಕೇಳಿದಳು, ಹೇಗೆ ಕೇಳಿದಳು ಎಂಬುದು ಮಾತ್ರ ಯಾವ ಪುಸ್ತಕದಲ್ಲಿಯೂ ಇಲ್ಲ.

ಆಲ್ಬೇರನೂ ಇನ್ನು ಕೆಲವು ಹುಡುಗರೂ ಶಾಲೆ ಬಿಟ್ಟ ಮೇಲೆ ದಿನವೂ ಎರಡು ಗಂಟೆಯ ಕಾಲ ಮೇಷ್ಟರಲ್ಲಿ ಪುಕ್ಕಟೆಯಾಗಿ ಪಾಠ ಹೇಳಿಸಿಕೊಂಡರು. 1924ರಲ್ಲಿ ಪರೀಕ್ಷೆ ನಡೆಯಿತು. ಪಟ್ಟಣದ ಪೂರ್ವದ ತುದಿಯ ಬೆಲ್ಕೂರಿನಿಂದ ಇನ್ನೊಂದು ತುದಿಯ ಬಾಬ್ ಎಲ್ ಊಎದ್ ಸಮೀಪದ ದೊಡ್ಡ ಲಿಸೇಗೆ ಟ್ರಾಮ್ ಗಾಡಿಯಲ್ಲಿ ಹೋಗಬೇಕು. ದೂರ ಕೆಲವು ಮೈಲಿಗಳದೇ ಆದರೂ ಬೇರೊಂದು ದೇಶಕ್ಕೆ ಹೋದಂತೆ. ಹುಡುಗ ತೇರ್ಗಡೆಯಾದ. ಯುದ್ಧದಲ್ಲಿ ಮಡಿದವನ ಮಗನೆಂದು ಸರಕಾರದ ಪೋಷಣೆಯ ಹಕ್ಕು ಅವನಿಗೆ ಮೊದಲೇ ಇತ್ತು. ಈಗ ವಿದ್ಯಾರ್ಥಿವೇತನವೂ ದೊರೆಯಿತು.

ಆ ದಿನದ ಬೀಳ್ಕೊಡುಗೆಯನ್ನು ಕಮೂ ವರ್ಣಿಸಿರುವ ಪುಟಗಳಲ್ಲಿ ವಿಜಯೋತ್ಸಾಹ ಹೆಚ್ಚಾಗಿಲ್ಲ. ಇನ್ನು ಮುಂದೆ ಅವನಿಗೆ ತಮಗಿಂತ ಹೆಚ್ಚು ತಿಳಿದ ಗುರುಗಳು ದೊರೆಯುವರೆಂದೂ, ಬೇಕೆನಿಸಿದಾಗ ಬರಲು ತಮ್ಮ ಮನೆ ಅವನಿಗೆ ತಿಳಿದೇ ಇದೆಯೆಂದೂ ಹೇಳಿ ಮೇಷ್ಟರು ಹೊರಟುಹೋಗುತ್ತಾರೆ. ಕಿಟಕಿಯಿಂದ ನೋಡುತ್ತಿದ್ದ ಹುಡುಗನಿಗೆ ಗೆದ್ದ ಹಿಗ್ಗಿನ ಬದಲು ಎದೆ ಹಿಂಡಿದಂತಾಗುತ್ತದೆ. ಬಡವರ ಬೆಚ್ಚಗಿನ ಪ್ರಪಂಚದಿಂದ ತನ್ನನ್ನು ಕಿತ್ತು ಬೇರೆ ಪ್ರಪಂಚಕ್ಕೆ ನೆಟ್ಟಾಯಿತು, ಇನ್ನು ಅಲ್ಲಿ ಯಾರ ಸಹಾಯವೂ ಇಲ್ಲದೆ ತಾನೇ ಬೆಳೆಯಬೇಕು ಎಂಬ ಅರಿವು ಅದು. ಬಡ ಹುಡುಗನನ್ನು ಓದಿಸುವವರು ಸಾಮಾನ್ಯವಾಗಿ ಈ ಬೆಲೆಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಕಾದಂಬರಿಯ ಮೇಷ್ಟರಿಗೆ ಅದು ಗೊತ್ತಿತ್ತು. ಗೊತ್ತಿದ್ದೂ ಆ ಕೆಲಸ ಮಾಡಿದರು.

ಬೆಲೆ ಕೂಡಲೇ ತೆರಬೇಕಾಗಿ ಬಂತು. ಲಿಸೇಯಲ್ಲಿ ತುಂಬಿಕೊಡಬೇಕಾದ ಕಾಗದದಲ್ಲಿ ತಾಯಿಯ ಉದ್ಯೋಗವೇನೆಂಬ ಪ್ರಶ್ನೆಯಿತ್ತು. ‘ಮನೆಗೆಲಸದವಳು’ ಎಂದು ಬರೆಯುವಾಗ ಕಾದಂಬರಿಯ ಹುಡುಗನಿಗೆ ನಾಚಿಕೆಯಾಯಿತು. ಮರುಕ್ಷಣದಲ್ಲಿ, ನಾಚಿಕೆಪಟ್ಟೆನಲ್ಲಾ ಎಂದು ಇನ್ನೂ ದೊಡ್ಡ ನಾಚಿಕೆಯಾಯಿತು. ಲಿಸೇಯಲ್ಲಿ ಕಲಿತದ್ದನ್ನು ಮನೆಯಲ್ಲಿ ಹೇಳುವಂತಿಲ್ಲ, ಹೇಳಿದರೆ ಅರ್ಥವಾಗುವವರಿಲ್ಲ. ಮನೆಯ ಸ್ಥಿತಿಯನ್ನು ಲಿಸೇಯಲ್ಲಿ ಹೇಳುವಂತಿಲ್ಲ. ಬೇಸಗೆಯ ರಜೆ ಬಂದರೆ ಸಹಪಾಠಿಗಳು ಸಮುದ್ರತೀರಕ್ಕೋ ಫ್ರಾನ್ಸಿಗೋ ಹೋಗುತ್ತಿದ್ದರು. ಇವನು ಕಬ್ಬಿಣದ ಸಾಮಾನಿನ ಅಂಗಡಿಯಲ್ಲಿಯೋ ಹಡಗಿನ ದಳ್ಳಾಳಿಯ ಕಚೇರಿಯಲ್ಲಿಯೋ ದುಡಿದು ಸಂಬಳವನ್ನು ಅಜ್ಜಿಯ ಕೈಗೆ ತಂದಿಡುತ್ತಿದ್ದ. 1930ರಲ್ಲಿ, ಹದಿನೇಳನೆಯ ವಯಸ್ಸಿನಲ್ಲಿ, ಕ್ಷಯರೋಗ ಕಾಣಿಸಿಕೊಂಡಿತು. ಆಗ ಹಾಸಿಗೆ ಹಿಡಿದ ಹುಡುಗನನ್ನು ಹುಡುಕಿಕೊಂಡು ಲಿಸೇಯ ತತ್ತ್ವಶಾಸ್ತ್ರದ ಅಧ್ಯಾಪಕ ಜ್ಯಾಂ ಗ್ರನಿಯೇ ಅದೇ ಬಡ ಮನೆಗೆ ಬಂದರು. ಸ್ವತಃ ಲೇಖಕರಾಗಿದ್ದ ಗ್ರನಿಯೇ ಮುಂದೆ ಕಮೂ ಅವರ ಸಾಹಿತ್ಯಗುರುಗಳಾದರು. ಕಮೂ ತಮ್ಮ ಮೊದಲ ಪುಸ್ತಕವನ್ನು 1937ರಲ್ಲಿ ಅರ್ಪಿಸಿದ್ದು ಅವರಿಗೇ. ಆದರೆ ಗ್ರನಿಯೇ ಅವರ ಕೈಗೆ ಸಿಕ್ಕುವಂತೆ ಹುಡುಗನನ್ನು ಅಲ್ಲಿಯವರೆಗೆ ತಲಪಿಸಿದವರು ಬೆಲ್ಕೂರಿನ ಮೇಷ್ಟರು.

ಗುರುವಿನ ಪ್ರಭಾವವೆಂಬುದು ಎಲ್ಲಿ ಹೇಗೆ ತಲೆಯೆತ್ತುವುದೆಂದು ಹೇಳಲಾಗದು. 1939ರ ಜೂನ್ ತಿಂಗಳಲ್ಲಿ ಇಪ್ಪತ್ತೈದರ ತರುಣ ಪತ್ರಕರ್ತನಾಗಿ ಕಮೂ ಕಬೀಲಿಯ ಬೆಟ್ಟಗಳಲ್ಲಿ ಸುತ್ತಿ, ಅಲ್ಲಿನ ಹಸಿವು ಕಡುಬಡತನಗಳ ಮೇಲೆ ‘ಅಲ್ಜೇ ರೆಪ್ಯುಬ್ಲಿಕೇನ್’ ಪತ್ರಿಕೆಗೆ ಲೇಖನಮಾಲೆಯೊಂದನ್ನು ಬರೆದರು. ಅದರಲ್ಲಿ ಒಂದು ಲೇಖನ ಕೇವಲ ಶಾಲೆಗಳನ್ನು ಕುರಿತದ್ದು. ಅಲ್ಲಿನ ಜನ ವಿದ್ಯೆಗಾಗಿ ಎಷ್ಟು ಹಂಬಲಿಸುತ್ತಾರೆ, ಸ್ಥಳವಿಲ್ಲವೆಂದು ಎಷ್ಟು ಮಕ್ಕಳನ್ನು ಬಾಗಿಲಿನಿಂದಲೇ ಹಿಂದಕ್ಕೆ ಕಳುಹಿಸಲಾಗುತ್ತಿದೆ, ಅರಮನೆಯಂಥ ನಾಲ್ಕಾರು ಕಟ್ಟಡಗಳನ್ನು ಕಟ್ಟಿಸುವ ಬದಲು ಸರಳವಾದ ಶಾಲೆಗಳನ್ನು ಹೆಚ್ಚಾಗಿ ತೆರೆಯಬಾರದೇಕೆ, ಎಂದು ಅವರು ಸರಕಾರವನ್ನು ಕೇಳಿದರು. ಬೆಲ್ಕೂರಿನ ಬಡವನಿಗೆ ತೆರೆದ ಬಾಗಿಲು ಬೆಟ್ಟದ ಕಬೈಲ್ ಹುಡುಗನಿಗೆ ತೆರೆದಿರಲಿಲ್ಲ. ಆ ನೆಲದ ಬಹುಪಾಲು ಮುಸಲ್ಮಾನ ಮಕ್ಕಳು ಫ್ರೆಂಚ್ ಶಾಲೆಯ ಹೊಸ್ತಿಲನ್ನೇ ಕಾಣಲಿಲ್ಲ. ಜೆರ್ಮೇನ್ ಅವರಂಥ ಮೇಷ್ಟರುಗಳ ಸದ್ಗುಣದಿಂದ ಆ ಆಡಳಿತದ ಈ ಪಾಪ ಮುಚ್ಚಿಹೋಗುವುದಿಲ್ಲ. ಅದನ್ನು ಮುಚ್ಚಿಡಲು ಅವರ ಶಿಷ್ಯನೂ ಒಪ್ಪಲಿಲ್ಲ.

‘ಅನ್ಯ’, ‘ಪ್ಲೇಗ್’ ಮೊದಲಾದ ಕೃತಿಗಳಿಂದ ಕಮೂ ಅವರ ಕೀರ್ತಿ ಹಬ್ಬಿದ ಕಥೆಯನ್ನು ಸಾಹಿತ್ಯದ ಇತಿಹಾಸಗಳಲ್ಲಿ ಓದಬಹುದು. ಗುರುಶಿಷ್ಯರ ಸಂಬಂಧ ಮಾತ್ರ ಯುದ್ಧ, ದೂರ, ಪ್ರಸಿದ್ಧಿ ಯಾವುದರಿಂದಲೂ ಕಡಿಯಲಿಲ್ಲ. ಅವರ ನಡುವೆ ನಡೆದ ಪತ್ರವ್ಯವಹಾರವು 2022ರಲ್ಲಿ ಪುಸ್ತಕವಾಗಿ ಹೊರಬಂದಿದೆ. ಶಿಷ್ಯ ಕೊನೆಯವರೆಗೂ ‘ಮಸ್ಯೂ ಜೆರ್ಮೇನ್’ ಎಂದೇ ಸಂಬೋಧಿಸಿದರು. ಗುರುವಿಗೆ, ನೊಬೆಲ್ ಬಂದ ಮೇಲೆಯೂ, ಶಿಷ್ಯ ‘ಪ್ರಿಯ ಮಗು’ವೇ. ಸ್ವೀಡನ್ನಿನಲ್ಲಿ ಬಹುಮಾನ ಸ್ವೀಕರಿಸಿದ ಸಂದರ್ಭದಲ್ಲಿ ಮಾಡಿದ ಭಾಷಣಗಳು 1958ರಲ್ಲಿ ಅಚ್ಚಾದಾಗ ಕಮೂ ಅವುಗಳನ್ನು ಲೂಯಿ ಜೆರ್ಮೇನ್ ಅವರಿಗೆ ಅರ್ಪಿಸಿದರು. ಸಾಹಿತಿಯ ಹೊಣೆಯೇನೆಂದು ಜಗತ್ತಿನ ವಿದ್ವಾಂಸರ ಮುಂದೆ ವಿವರಿಸಿದ ಆ ಪುಸ್ತಕದ ಮೊದಲ ಪುಟದಲ್ಲಿ ಪ್ರಾಥಮಿಕ ಶಾಲೆಯ ಮೇಷ್ಟರ ಹೆಸರು.

1959ರ ಗುರುವಿನ ಪತ್ರವನ್ನು ಮೇಲೆ ಹೇಳಿದೆ. ಅದು ಶಿಷ್ಯನ ಪತ್ರಕ್ಕಿಂತ ಬಹಳ ಉದ್ದ, ಓದುವುದಕ್ಕೂ ಹೆಚ್ಚು ಸ್ವಾರಸ್ಯ. ಕಮೂ ಅವರನ್ನು ಕುರಿತು ಬಂದಿದ್ದ ಹೊಸ ಪುಸ್ತಕವೊಂದನ್ನು ಶಿಷ್ಯ ಕಳುಹಿಸಿಕೊಟ್ಟಿದ್ದರು. ಅದಕ್ಕೆ ಕೃತಜ್ಞತೆ ಹೇಳುವುದು ನಿಮಿತ್ತ. ಇಷ್ಟೆಲ್ಲ ಹೊಗಳಿಕೆಯ ಮಧ್ಯೆ ಹುಡುಗನ ತಲೆ ತಿರುಗದಿರುವುದನ್ನು ಕಂಡು ಮೇಷ್ಟರು ಭೇಷ್ ಎನ್ನುತ್ತಾರೆ, ತಾಳೆ ನೋಡಿ ಗುರುತು ಹಾಕಿದಂತೆ. ಅನಂತರ ತಮ್ಮ ಚಿಂತೆಗೆ ಬರುತ್ತಾರೆ. ಧರ್ಮನಿರಪೇಕ್ಷವಾದ ಸರಕಾರಿ ಶಾಲೆಗಳಿಗೆ ಅಪಾಯ ಒದಗುತ್ತಿದೆಯೆಂದು ಅವರಿಗೆ ಆಗ ಆತಂಕವಾಗಿತ್ತು. ತಾವು ವೃತ್ತಿಯಲ್ಲಿದ್ದಷ್ಟು ಕಾಲವೂ ಮಗುವಿನ ಅತ್ಯಂತ ಪವಿತ್ರವಾದ ಹಕ್ಕನ್ನು, ಎಂದರೆ ತನ್ನ ಸತ್ಯವನ್ನು ತಾನೇ ಅರಸಿಕೊಳ್ಳುವ ಹಕ್ಕನ್ನು, ಗೌರವಿಸಿಕೊಂಡು ಬಂದುದಾಗಿ ಅವರು ನೆನೆಯುತ್ತಾರೆ. ದೇವರ ಪ್ರಸ್ತಾಪ ಬಂದಾಗ, ನಂಬುವವರುಂಟು, ನಂಬದವರುಂಟು, ಅದು ಅವರವರ ಹಕ್ಕು, ಎಂದಷ್ಟೇ ಪಾಠ ಹೇಳುತ್ತಿದ್ದರಂತೆ. ತಮ್ಮ ಅಭಿಪ್ರಾಯವನ್ನು ಎಳೆಯ ಮನಸ್ಸಿನ ಮೇಲೆ ಹೊರಿಸಲಿಲ್ಲವೆಂಬುದೇ ಅವರಿಗೆ ದೊಡ್ಡ ಸಮಾಧಾನ. ನೊಬೆಲ್ ಬಹುಮಾನಿತನೊಬ್ಬನನ್ನು ತಾವು ತಯಾರಿಸಿದೆವೆಂಬ ಧ್ವನಿ ಆ ಪತ್ರದಲ್ಲಿ ಎಲ್ಲಿಯೂ ಇಲ್ಲ.

ಬಹುಮಾನದ ಹಣದಿಂದ ಕಮೂ ದಕ್ಷಿಣ ಫ್ರಾನ್ಸಿನ ಲೂರ್ಮರೇನ್ ಎಂಬ ಹಳ್ಳಿಯಲ್ಲಿ ಒಂದು ಮನೆಯನ್ನು ಕೊಂಡುಕೊಂಡಿದ್ದರು. ಅಲ್ಲಿ ಕುಳಿತು ‘ಮೊದಲ ಮನುಷ್ಯ’ವನ್ನು ಬರೆಯುತ್ತಿದ್ದರು. ತಂದೆಯನ್ನು ಅರಸಿ ಹೊರಟ ಮಗನ 
ಕಥೆ ಅದು. 1947ರಲ್ಲಿ ಕಮೂ ಸೇನ್ ಬ್ರಿಯೋ ಊರಿನ ಸ್ಮಶಾನಕ್ಕೆ ಹೋಗಿ ತಂದೆಯ ಗೋರಿಯನ್ನು ಕಂಡಿದ್ದರು. ಕಾದಂಬರಿಯ ಜಾಕ್ ಹಾಗೆಯೇ ಗೋರಿಯ ಮುಂದೆ ನಿಂತು ಕಲ್ಲಿನ ಮೇಲಿನ ಇಸವಿಗಳನ್ನು ಎಣಿಸುತ್ತಾನೆ. ಮಣ್ಣಿನಲ್ಲಿ ಮಲಗಿರುವ ತಂದೆ ತನಗಿಂತ ಚಿಕ್ಕವನೆಂದು ಅರಿತು ತಲ್ಲಣಿಸುತ್ತಾನೆ. ಅಲ್ಲಿಂದ ಮುಂದೆ ಊರೂರು ಅಲೆದರೂ ತಂದೆಯ ವಿಷಯವಾಗಿ ಹೇಳಿಕೊಳ್ಳುವಂಥದೇನೂ ಸಿಕ್ಕುವುದಿಲ್ಲ. ಹುಡುಕಾಟದ ನಡುದಾರಿಯಲ್ಲಿ ಎದುರಾಗುವುದು ಆ ಪಾಠಶಾಲೆ, ಆ ಮೇಷ್ಟರು.

1960ನೆಯ ಜನವರಿ 4ರಂದು ಲೂರ್ಮರೇನಿನಿಂದ ಪ್ಯಾರಿಸಿಗೆ ಹೊರಟ ಕಾರು ವಿಲ್‌ಬ್ಲವೇನ್ ಎಂಬಲ್ಲಿ ದಾರಿಬದಿಯ ಮರಕ್ಕೆ ಅಪ್ಪಳಿಸಿತು. ಕಮೂ ಸ್ಥಳದಲ್ಲಿಯೇ ತೀರಿಕೊಂಡರು. ಕಾರು ನಡೆಸುತ್ತಿದ್ದ ಗೆಳೆಯ ಮಿಶೆಲ್ ಗಲ್ಲಿಮಾರ್ ಕೆಲವು ದಿನಗಳ ಮೇಲೆ ಅಸುನೀಗಿದರು. ಕಮೂ ಅವರ ಜೇಬಿನಲ್ಲಿ ಬಳಸದ ರೈಲು ಟಿಕೆಟ್ಟಿತ್ತು. ಕೆಸರಿನಲ್ಲಿ ಬಿದ್ದಿದ್ದ ಚೀಲದೊಳಗೆ, ವಿರಾಮಚಿಹ್ನೆಗಳೂ ಸರಿಯಾಗಿಲ್ಲದೆ ಅವಸರದ ಕೈಯಲ್ಲಿ ಗೀಚಿದ್ದ 144 ಪುಟಗಳ ಹಸ್ತಪ್ರತಿ ಸಿಕ್ಕಿತು. ಅಕ್ಷರ ಬಾರದ ತಾಯಿ ಅಲ್ಜೀರ್ಸಿನಲ್ಲಿ ಅದೇ ವರ್ಷ ಸೆಪ್ಟೆಂಬರಿನಲ್ಲಿ ಮಗನನ್ನು ಹಿಂಬಾಲಿಸಿದಳು. ಶಿಷ್ಯನಿಗಿಂತ ಸುಮಾರು ಮೂವತ್ತು ವರ್ಷ ಹಿರಿಯರಾಗಿದ್ದ ಗುರು 1966ರವರೆಗೆ ಬದುಕಿದರು.

ಹಸ್ತಪ್ರತಿ ಮೂವತ್ತನಾಲ್ಕು ವರ್ಷ ಅಚ್ಚಿಗೆ ಹೋಗಲಿಲ್ಲ. ಕೊನೆಗೆ ಮಗಳು ಕ್ಯಾಥರೀನ್ ಆ ಕಷ್ಟದ ಕೈಬರಹವನ್ನು ಒಂದೊಂದೇ ಪದವಾಗಿ ಬಿಡಿಸಿ, 1994ರಲ್ಲಿ ಪ್ರಕಟಿಸಿದಳು; ಕೊನೆಯಲ್ಲಿ ಗುರುಶಿಷ್ಯರ ಎರಡು ಪತ್ರಗಳನ್ನೂ ಸೇರಿಸಿದಳು. ಅಂದಿನಿಂದ ಆ ಚಿಕ್ಕ ಪತ್ರ ಫ್ರಾನ್ಸಿನ ಮನೆಮನೆಗೆ ತಿಳಿದಿದೆ. 2020ರ ಅಕ್ಟೋಬರಿನಲ್ಲಿ ಸಾಮುಯೆಲ್ ಪಾತಿ ಎಂಬ ಶಾಲಾ ಅಧ್ಯಾಪಕರು, ತರಗತಿಯಲ್ಲಿ ಮಾಡಿದ ಪಾಠದ ಕಾರಣದಿಂದ, ಹಾಡುಹಗಲೇ ಕೊಲೆಗೀಡಾದರು. ಸೊರ್ಬಾನ್ ವಿದ್ಯಾಪೀಠದ ಅಂಗಳದಲ್ಲಿ ರಾಷ್ಟ್ರವು ಅವರಿಗೆ ಅಂತಿಮ ಗೌರವ ಸಲ್ಲಿಸಿದಾಗ ಮೌನವಾಗಿ ನಿಂತ ಜನರ ಮುಂದೆ ಓದಿದವುಗಳಲ್ಲಿ ಬೆಲ್ಕೂರಿನ ಮೇಷ್ಟರಿಗೆ ಬರೆದ ಆ ಪತ್ರವೂ ಒಂದು.

ಕಾದಂಬರಿಯನ್ನು ಓದುವವರಿಗೆ ಶಾಲೆಯ ಅಧ್ಯಾಯದಲ್ಲಿ ಒಂದು ಸಣ್ಣ ತಪ್ಪು ಕಣ್ಣಿಗೆ ಬೀಳುತ್ತದೆ. ಪುಟ ಪುಟಗಳಲ್ಲಿ ಮೇಷ್ಟರು ‘ಮಸ್ಯೂ ಬೆರ್ನಾರ್’ ಆಗಿಯೇ ನಡೆದುಬರುತ್ತಾರೆ. ನಡುವೆ ಎಲ್ಲಿಯೋ, ಲೇಖನಿಯ ಓಟದಲ್ಲಿ, ಕಟ್ಟಿದ ಹೆಸರು ಕಳಚಿ ‘ಮಸ್ಯೂ ಜೆರ್ಮೇನ್’ ಎಂದು ಬಿದ್ದಿದೆ. ತಿದ್ದಲು ಲೇಖಕರಿಗೆ ಕಾಲ ಸಾಲಲಿಲ್ಲ. ಇಲ್ಲಿ ಉಪಾಧ್ಯಾಯರ ನಿಜವಾದ ಹೆಸರು ಬಂದಿದೆಯೆಂದು ಪುಟದ ಕೆಳಗೆ ಸೂಚನೆ ಕೊಟ್ಟು ಮಗಳು ಅದನ್ನು ಹಾಗೆಯೇ ಉಳಿಸಿದ್ದಾಳೆ.